ಪೊಟ್ಟಣದ ಮೇಲೆ ‘ವೈರಸ್ ನಿರೋಧಕ’, ಹೊಲದಲ್ಲಿ ಸುಟ್ಟ ಸುಳಿ: ಟೊಮೆಟೊ ಬೆಳೆದವರು ಹೇಳಿ

ಘಟಪ್ರಭೆ ದಂಡೆಯವ (ಮುಧೋಳ ತಾಲ್ಲೂಕು), ಮಾರ್ಚ್ 18

ಎಲ್ಲರಿಗೂ ನಮಸ್ಕಾರ. ನಾನು ಕಬ್ಬಿನವನು, ಟೊಮೆಟೊ ನನಗೆ ಹೊಸದು. ಕುಳೆ ಕಬ್ಬು ತೆಗೆದ ಒಂದು ಎಕರೆ ಹತ್ತು ಗುಂಟೆಗೆ ಹನಿ ಪೈಪು ಎಳೆದು ಫೆಬ್ರುವರಿ ಮೊದಲ ವಾರ ನಾಟಿ ಮಾಡಿದೆ. ಬೀಜದ ಪೊಟ್ಟಣದ ಮೇಲೆ ದಪ್ಪ ಅಕ್ಷರದಲ್ಲಿ ‘ವೈರಸ್ ನಿರೋಧಕ’ ಎಂದಿತ್ತು. ಅಂಗಡಿಯವರಂತೂ ‘ಇದಕ್ಕೆ ವೈರಸ್ ಬಂದರೆ ನನ್ನ ಮೀಸೆ ಬೋಳಿಸಿ’ ಎಂದಿದ್ದರು.

ಈಗ ನಾಲ್ಕರಲ್ಲಿ ಒಂದು ಗಿಡದ ಸುಳಿ ಕಂದಿ ನಿಂತಿದೆ. ಎಲೆ ಮುದುಡಿದೆ. ಹೂವು ಉದುರುತ್ತಿದೆ. ಎಂಟು ಸಲ ಎಣ್ಣೆ (ಕೀಟನಾಶಕ) ಹೊಡೆದಿದ್ದೇನೆ, ಒಂದಕ್ಕೊಂದು ಬೆರೆಸಿಯೂ ಹೊಡೆದಿದ್ದೇನೆ. ಅಂಗಡಿಯವರ ಮೀಸೆ ಇನ್ನೂ ಹಾಗೆಯೇ ಇದೆ.

ನನ್ನ ಪ್ರಶ್ನೆ ಮೂರು. ನಿರೋಧಕ ಎಂದು ಬರೆದ ಮೇಲೂ ರೋಗ ಬಂದರೆ ಬೀಜ ಕಲಬೆರಕೆ ಎಂದೇ ಅರ್ಥವೇ? ಗ್ರಾಹಕರ ಆಯೋಗಕ್ಕೆ ಹೋಗಲೇ? ಮುಂದಿನ ಸಲಕ್ಕೆ ನಿಜವಾಗಿಯೂ ರೋಗ ತಡೆಯುವ ತಳಿ ಯಾವುದು?

ಹಳೆ ತಲೆ (ಬೈಲಹೊಂಗಲ), ಮಾರ್ಚ್ 18

ತಮ್ಮಾ, ಬೇಸಿಗೆಯಲ್ಲಿ ಟೊಮೆಟೊ ಹಚ್ಚುವುದೇ ಜೂಜು. ನಾವು ಪೂಸಾ ರೂಬಿ ಹಚ್ಚುತ್ತಿದ್ದ ಕಾಲದಲ್ಲಿ ಈ ನಿರೋಧಕ, ಗಿರೋಧಕ ಯಾವುದೂ ಇರಲಿಲ್ಲ. ಹಣ್ಣು ತೆಳು ಸಿಪ್ಪೆಯದು, ಹುಳಿ ಹಣ್ಣು, ಸಾರಿಗೆ ಹಾಕಿದರೆ ಓಣಿಯೆಲ್ಲ ವಾಸನೆ. ಈಗಿನದು ಚೆಂಡಿನ ಹಾಗೆ ಪುಟಿಯುತ್ತದೆ, ರುಚಿ ಮಾತ್ರ ಇಲ್ಲ, ರೋಗವೂ ಬಿಡಲಿಲ್ಲ. ಕಿತ್ತು ಹಾಕಿ ಗೋವಿನಜೋಳ ಬಿತ್ತು.

ಅರಭಾವಿ ಹಳೆಯ ವಿದ್ಯಾರ್ಥಿ (ಬಾಗಲಕೋಟೆ), ಮಾರ್ಚ್ 18

ಅಣ್ಣನವರೇ, ಕೀಳುವ ಮೊದಲು ಎರಡು ದಿನ ತಡೆಯಿರಿ. ಬೀಜ ಕೆಟ್ಟದ್ದೋ ಅಲ್ಲವೋ ಆಮೇಲೆ ನೋಡೋಣ. ಗಿಡಕ್ಕೆ ಬಂದಿರುವುದು ಯಾವ ವೈರಸ್ ಎಂಬುದು ಮೊದಲು ತಿಳಿಯಬೇಕು. ‘ವೈರಸ್’ ಎಂಬ ಒಂದೇ ರೋಗ ಇಲ್ಲ. ಮನೆಗೆ ಬೀಗ ಹಾಕಿದ್ದೇವೆ ಎಂದು ಹೇಳುತ್ತೇವೆ. ಯಾವ ಬಾಗಿಲಿಗೆ ಎಂದು ಕೇಳಬೇಕಲ್ಲ.

ನಾಳೆ ಬೆಳಿಗ್ಗೆ ಬಿಸಿಲು ಏರುವ ಮೊದಲು ಹೊಲಕ್ಕೆ ಹೋಗಿ ಹತ್ತು ರೋಗದ ಗಿಡಗಳನ್ನು ಒಂದೊಂದಾಗಿ ನೋಡಿ.

ಎಳೆ ಎಲೆಗಳು ಚಿಕ್ಕದಾಗಿ, ಅಂಚು ಹಳದಿಯಾಗಿ, ಮೇಲ್ಮುಖವಾಗಿ ದೊನ್ನೆಯ ಹಾಗೆ ಮಡಚಿವೆಯೇ? ಗಿಡ ಕುಳ್ಳಗಾಗಿ ಪೊದೆಯ ಹಾಗಾಗಿದೆಯೇ? ಹಾಗಿದ್ದರೆ ಅದು ಬಿಳಿ ನೊಣ ತರುವ ಎಲೆ ಮುರುಟು ರೋಗ. ಅಥವಾ ಸುಳಿಯ ಎಲೆಗಳಿಗೆ ಕಂಚಿನ ಬಣ್ಣ ಬಂದು, ಸಣ್ಣ ಕಂದು ಚುಕ್ಕೆ ಕೂಡಿ, ಸುಳಿ ಸುಟ್ಟ ಹಾಗೆ ಬಾಗಿದೆಯೇ? ಕಾಂಡದ ಮೇಲೆ ಕಪ್ಪು ಗೀರು ಇದೆಯೇ? ಕಾಯಿ ಕಟ್ಟಿದ್ದರೆ ಅದರ ಮೇಲೆ ಉಂಗುರ ಉಂಗುರವಾಗಿ ಬಣ್ಣ ಬದಲಾಗಿದೆಯೇ? ಅದು ಬೇರೆಯೇ ರೋಗ, ತರುವ ಕೀಟವೂ ಬೇರೆ.

ಪೊಟ್ಟಣ ಎಸೆದಿಲ್ಲ ತಾನೆ? ಅದರ ಹಿಂಭಾಗದ ಸಣ್ಣ ಅಕ್ಷರಗಳನ್ನು ಇದ್ದ ಹಾಗೆ ಇಲ್ಲಿ ಬರೆಯಿರಿ.

ಸಸಿಮನೆ ಅಕ್ಕ (ಹುಕ್ಕೇರಿ), ಮಾರ್ಚ್ 19

ಸಸಿ ಎಲ್ಲಿಂದ ತಂದಿರಿ ಎಂಬುದನ್ನು ಯಾರೂ ಕೇಳಲಿಲ್ಲ. ಅದೇ ಮುಖ್ಯ. ತಳಿ ಎಷ್ಟೇ ಒಳ್ಳೆಯದಿರಲಿ, ಬಯಲಿನಲ್ಲಿ ಮಡಿ ಮಾಡಿ ಬೆಳೆಸಿದ ಸಸಿಗೆ ನಾಟಿಗೆ ಮೊದಲೇ ಬಿಳಿ ನೊಣ ಕೂತಿರುತ್ತದೆ. ರೋಗದ ಗಿಡದ ಮೇಲೆ ಅರ್ಧ ಗಂಟೆ ರಸ ಹೀರಿದ ನೊಣ ಸಾಕು, ಮುಂದೆ ದಿನಗಟ್ಟಲೆ ಹೋದಲ್ಲೆಲ್ಲ ರೋಗ ಹಂಚುತ್ತದೆ. ಅದಕ್ಕೆಂದೇ ನಮ್ಮಲ್ಲಿ 40ರ ಮೆಶ್ ನೈಲಾನ್ ಪರದೆ, ಎರಡು ಬಾಗಿಲು. ಒಂದು ಬಾಗಿಲು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯಬೇಕು. ಕೆಲಸದ ಹೆಣ್ಣುಮಕ್ಕಳು ಮೊದಮೊದಲು ನಗುತ್ತಿದ್ದರು: ‘ಅಕ್ಕಾ, ಸಸಿಗೆ ಇಷ್ಟು ಮರ್ಯಾದೆ, ನಮಗೆ ಒಂದೇ ಬಾಗಿಲು’ ಎಂದು.

ನಾಟಿಯಾಗಿ ಒಂದು ತಿಂಗಳ ಒಳಗೆ ಮುರುಟು ಬಂದ ಗಿಡದಿಂದ ಕಾಯಿ ನಿರೀಕ್ಷಿಸಬೇಡಿ. ಹೂವು ಬಿಟ್ಟ ಮೇಲೆ ಬಂದರೆ ಒಂದಷ್ಟು ಕೈಗೆ ಸಿಗುತ್ತದೆ.

ಘಟಪ್ರಭೆ ದಂಡೆಯವ, ಮಾರ್ಚ್ 20

ಅಕ್ಕನವರೇ, ಸಸಿ ಪರದೆ ಮನೆಯದೇ. ನಮ್ಮ ಕಡೆಯ ಒಬ್ಬರಿಂದ ಟ್ರೇ ಲೆಕ್ಕದಲ್ಲಿ ತಂದದ್ದು. ಪರದೆಯಲ್ಲಿ ಅಲ್ಲಲ್ಲಿ ಬೊಗಸೆಯಷ್ಟು ತೂತು ಇತ್ತು ಎಂಬುದು ಈಗ ನೆನಪಾಗುತ್ತಿದೆ.

ವಿದ್ಯಾರ್ಥಿ ಸರ್, ನೀವು ಹೇಳಿದಂತೆ ಹತ್ತು ಗಿಡ ಅಲ್ಲ, ಐವತ್ತು ಗಿಡ ನೋಡಿದೆ. ಮಗಳು ಶಾಲೆಯ ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತ ಬಂದಳು. ದೊನ್ನೆಯ ಹಾಗೆ ಮಡಚಿದ ಗಿಡ ಒಂಬತ್ತು. ಕಂಚಿನ ಬಣ್ಣ, ಸುಟ್ಟ ಸುಳಿ, ಕಾಂಡದ ಗೀರು ಇರುವ ಗಿಡ ಮೂವತ್ತೆಂಟು. ಮೂರು ಗಿಡ ಯಾವುದಕ್ಕೂ ಹೊಂದಲಿಲ್ಲ. ಮಗಳು ಅವಕ್ಕೆ ‘ಹಾಗೇ ಸುಮ್ಮನೆ’ ಎಂದು ಬರೆದಿದ್ದಾಳೆ. ಅಡಿಕೆ ಗಾತ್ರದ ಕಾಯಿಗಳ ಮೇಲೆ ತಿಳಿ ಹಳದಿ ಉಂಗುರಗಳಿವೆ. ನಾನು ಅದನ್ನು ಬಿಸಿಲಿನ ಕಲೆ ಎಂದುಕೊಂಡಿದ್ದೆ.

ಪೊಟ್ಟಣದ ಹಿಂದೆ ಹೀಗಿದೆ: ‘ಟಿಒಎಲ್‌ಸಿವಿ – ಐಆರ್’. ಇಷ್ಟೇ.

ಅರಭಾವಿ ಹಳೆಯ ವಿದ್ಯಾರ್ಥಿ, ಮಾರ್ಚ್ 20

ಮಗಳಿಗೆ ನನ್ನ ಅಭಿನಂದನೆ ತಿಳಿಸಿ. ಅರ್ಧ ಉತ್ತರ ಆ ನೋಟ್‌ಬುಕ್ಕಿನಲ್ಲಿಯೇ ಇದೆ.

ನಿಮ್ಮ ಪೊಟ್ಟಣ ಸುಳ್ಳು ಹೇಳಿಲ್ಲ, ಪೂರ್ತಿ ಹೇಳಿಲ್ಲ. ಟಿಒಎಲ್‌ಸಿವಿ ಎಂದರೆ ಟೊಮೆಟೊ ಎಲೆ ಮುರುಟು ವೈರಸ್. ಬೀಗ ಇರುವುದು ಆ ಬಾಗಿಲಿಗೆ ಮಾತ್ರ. ನಿಮ್ಮ ಹೊಲದ ರೋಗದ ಗಿಡಗಳಲ್ಲಿ ಮುಕ್ಕಾಲು ಪಾಲಿಗೆ ಬಂದಿರುವುದು, ಲಕ್ಷಣ ನೋಡಿದರೆ, ಶೇಂಗಾದ ಕುಡಿ ಸಾಯುವ ರೋಗದ ವೈರಸ್. ಹೆಸರು ಶೇಂಗಾದ್ದು, ಆದರೆ ಟೊಮೆಟೊ, ಹೆಸರುಕಾಳು, ಉದ್ದು ಯಾವುದನ್ನೂ ಬಿಡುವುದಿಲ್ಲ. ಅದನ್ನು ತರುವುದು ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಹುಳು, ಬಿಳಿ ನೊಣ ಅಲ್ಲ. ಬೇಸಿಗೆ ಅದರ ಸುಗ್ಗಿ. ನಿಮ್ಮ ಹೊಲದ ಪಕ್ಕದಲ್ಲಿ ಬೇಸಿಗೆ ಶೇಂಗಾ ಇದೆಯೇ, ನೋಡಿ.

ಇನ್ನು ‘ಐಆರ್’. ಬೀಜದ ವ್ಯಾಪಾರದಲ್ಲಿ ಎರಡು ದರ್ಜೆ ಇವೆ. ಎಚ್‌ಆರ್ ಎಂದರೆ ಹೆಚ್ಚಿನ ನಿರೋಧ: ರೋಗದ ಒತ್ತಡ ತೀರ ಜಾಸ್ತಿಯಾದರೆ ಅದರಲ್ಲಿಯೂ ಒಂದಿಷ್ಟು ಲಕ್ಷಣ ಕಾಣಬಹುದು. ಐಆರ್ ಎಂದರೆ ಮಧ್ಯಮ ನಿರೋಧ: ರೋಗ ಬರುತ್ತದೆ, ಆದರೆ ನಿರೋಧವೇ ಇಲ್ಲದ ತಳಿಗಿಂತ ಕಡಿಮೆ. ಎರಡರಲ್ಲಿ ಯಾವುದೂ ‘ಬರುವುದೇ ಇಲ್ಲ’ ಎಂದು ಹೇಳುವುದಿಲ್ಲ. ‘ಬರುವುದೇ ಇಲ್ಲ’ ಎಂಬ ಮಾತು ಇರುವುದು ಮೀಸೆಯ ಭಾಷೆಯಲ್ಲಿ ಮಾತ್ರ.

ಮುರುಟು ರೋಗಕ್ಕೆ ನಿರೋಧ ಬಂದದ್ದು ಊರಿನ ಟೊಮೆಟೊದಿಂದಲ್ಲ, ದಕ್ಷಿಣ ಅಮೆರಿಕದ ಕಾಡು ಟೊಮೆಟೊಗಳಿಂದ. ‘ಟಿವೈ’ ಎಂದು ಕರೆಯುವ ಜೀನುಗಳಲ್ಲಿ ಟಿವೈ-1, ಟಿವೈ-3 ಬಂದದ್ದು ಸೊಲಾನಮ್ ಚಿಲೆನ್ಸೆ ಎಂಬ ಕಾಡು ಜಾತಿಯಿಂದ. ಟಿವೈ-2 ಬಂದದ್ದು ಹ್ಯಾಬ್ರೊಕೈಟೀಸ್ ಎಂಬ ಇನ್ನೊಂದರಿಂದ. ಟಿವೈ-1 ವೈರಸ್ಸನ್ನು ಕೊಲ್ಲುವುದಿಲ್ಲ, ಗಿಡದೊಳಗೆ ಅದು ಹೆಚ್ಚುವ ವೇಗವನ್ನು ತಗ್ಗಿಸುತ್ತದೆ. ಗಿಡ ಚೆನ್ನಾಗಿಯೇ ಕಾಣುತ್ತದೆ, ಕಾಯಿ ಕೊಡುತ್ತದೆ, ಒಳಗೆ ವೈರಸ್ ಸ್ವಲ್ಪ ಇದ್ದೇ ಇರುತ್ತದೆ. ನೊಣ ಅದನ್ನು ಹೀರಿ ಪಕ್ಕದ ಹೊಲಕ್ಕೆ ಒಯ್ಯಬಲ್ಲದು. ಟಿವೈ-2 ಒಂದೇ ಇದ್ದರೆ ಮುರುಟು ವೈರಸ್ಸಿನ ಕೆಲವು ಬಗೆಗಳ ಮುಂದೆ, ಅದರಲ್ಲೂ ‘ನ್ಯೂಡೆಲ್ಲಿ’ ಎಂಬ ಬಗೆಯ ಮುಂದೆ, ಸೋಲುತ್ತದೆ. ನಿಮ್ಮ ಒಂಬತ್ತು ಗಿಡಗಳಿಗೆ ಅಂಥದ್ದೇನೋ ಆಗಿರಬಹುದು, ಅಥವಾ ಪರದೆಯ ತೂತಿನಿಂದ ಎಳೆಯದರಲ್ಲಿಯೇ ರೋಗ ತಗುಲಿರಬಹುದು. ಬರೀ ಲಕ್ಷಣ ಕೇಳಿ ಅದನ್ನು ಹೇಳಲಾಗದು.

ಹಳೆ ತಲೆ, ಮಾರ್ಚ್ 20

ಕಾಡು ಟೊಮೆಟೊ ಎಂದರೆ ಇದು ಕುಲಾಂತರಿ ಅಲ್ಲವೇ? ಬದನೆಗೆ ಮಾಡಲು ಹೋಗಿ ನಿಲ್ಲಿಸಿದರಲ್ಲ, ಅದನ್ನೇ ಹಿಂದಿನ ಬಾಗಿಲಿನಿಂದ ತಂದರೋ?

ಅರಭಾವಿ ಹಳೆಯ ವಿದ್ಯಾರ್ಥಿ, ಮಾರ್ಚ್ 20

ಅಲ್ಲ ಕಾಕಾ. ಬಿಟಿ ಬದನೆಗೆ ತಡೆ ಬಿದ್ದದ್ದು 2010ರ ಫೆಬ್ರುವರಿಯಲ್ಲಿ. ಅದು ಬ್ಯಾಕ್ಟೀರಿಯಾದ ಜೀನನ್ನು ಪ್ರಯೋಗಾಲಯದಲ್ಲಿ ಸೇರಿಸಿದ್ದು. ನಾವು ಮಾತನಾಡುತ್ತಿರುವ ಟೊಮೆಟೊ ತಳಿಗಳೆಲ್ಲ ಹೂವಿನಿಂದ ಹೂವಿಗೆ ಪರಾಗ ಹಾಕಿ ಪಡೆದವು. ನಿಮ್ಮ ಹಿರಿಯರು ಜವಾರಿ ಆಕಳಿಗೆ ಒಳ್ಳೆಯ ಹೋರಿ ಹುಡುಕುತ್ತಿದ್ದ ಹಾಗೆಯೇ, ಇಲ್ಲಿ ಹೋರಿ ಕಾಡಿನದು, ಅಷ್ಟೇ. ಬೆರಕೆ ಮಾಡಿದ ಮೇಲೆ ಕಾಡಿನ ಕೆಟ್ಟ ಗುಣವೂ ಬರುತ್ತದೆ: ಗೋಲಿಯಷ್ಟು ಹಣ್ಣು, ಕಹಿ. ಅದನ್ನು ತೊಳೆಯಲು ಮತ್ತೆ ಮತ್ತೆ ಊರಿನ ಟೊಮೆಟೊ ಜೊತೆ ಬೆರಕೆ ಮಾಡಬೇಕು. ಒಂದು ತಳಿಗೆ ಹತ್ತು ವರ್ಷ ಹಿಡಿಯುವುದು ಈ ತೊಳೆಯುವ ಕೆಲಸದಿಂದಲೇ.

ಡೋಣಿ ಸಾಲು (ವಿಜಯಪುರ), ಮಾರ್ಚ್ 21

ಬಾಗಿಲಿನ ಮಾತು ಬಂದದ್ದಕ್ಕೆ ನನ್ನದೂ ಒಂದು ಹೇಳುತ್ತೇನೆ. ಎರಡು ವರ್ಷದ ಹಿಂದೆ ಬೇರುಗಂಟು ರೋಗಕ್ಕೆ ಎಂದು ದುಬಾರಿ ಬೀಜ ತಂದೆ. ಪೊಟ್ಟಣದ ಮೇಲೆ ಜಂತುಹುಳು ನಿರೋಧಕ ಎಂದಿತ್ತು. ಚಳಿಗಾಲದ ಬೆಳೆ ಬಂಗಾರದಂತೆ ಬಂತು, ಬೇರು ಕಿತ್ತು ನೋಡಿದರೆ ಶಾವಿಗೆ ಎಳೆಯ ಹಾಗೆ ಸ್ವಚ್ಛ. ಆ ಉತ್ಸಾಹದಲ್ಲಿ ಅದೇ ತಳಿಯನ್ನು ಅದೇ ಹೊಲದಲ್ಲಿ ಬೇಸಿಗೆಗೆ ಹಚ್ಚಿದೆ. ಏಪ್ರಿಲ್ ಕೊನೆಗೆ ಗಿಡ ಮಧ್ಯಾಹ್ನ ಬಾಡುವುದು, ಸಂಜೆ ಏಳುವುದು. ಕಿತ್ತರೆ ಬೇರಿನ ತುಂಬ ಹಸಿ ಶುಂಠಿಯ ಹಾಗೆ ಗಂಟು. ಬೀಜ ಅದೇ, ಲಾಟ್ ನಂಬರ್ ಅದೇ. ಯಾಕೆ ಹೀಗೆ?

ಅರಭಾವಿ ಹಳೆಯ ವಿದ್ಯಾರ್ಥಿ, ಮಾರ್ಚ್ 21

ಮಣ್ಣಿನ ಬಿಸಿ. ಬೇರುಗಂಟು ತಡೆಯುವ ಜೀನಿನ ಹೆಸರು ‘ಎಂಐ’. ಅದು ಪೆರುವಿಯಾನಮ್ ಎಂಬ ಕಾಡು ಟೊಮೆಟೊದಿಂದ 1940ರ ದಶಕದಲ್ಲಿ ಬಂತು. ಆ ಬೆರಕೆಯಲ್ಲಿ ಬೀಜ ಬಲಿಯುತ್ತಲೇ ಇರಲಿಲ್ಲ, ಎಳೆ ಭ್ರೂಣವನ್ನು ಕಾಯಿಯಿಂದ ಬಿಡಿಸಿ ಗಾಜಿನ ನಳಿಗೆಯಲ್ಲಿ ಸಾಕಿ ಬದುಕಿಸಿದರು. ಇವತ್ತಿಗೂ ಜಗತ್ತಿನ ಹೆಚ್ಚಿನ ಬೇರುಗಂಟು ನಿರೋಧಕ ಟೊಮೆಟೊಗಳ ಮೂಲ ಆ ಬೆರಕೆಯೇ. ಆದರೆ ಮಣ್ಣಿನ ಉಷ್ಣತೆ 28 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆ ಜೀನು ಕೆಲಸ ನಿಲ್ಲಿಸುತ್ತದೆ. ಏಪ್ರಿಲ್‌ನಲ್ಲಿ ವಿಜಯಪುರದ ಎರೆ ಭೂಮಿ ಎಷ್ಟು ಕಾಯುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಬರಿಗಾಲಿನಲ್ಲಿ ನಿಂತು ನೋಡಿದ್ದೀರಿ.

ಡೋಣಿ ಸಾಲು, ಮಾರ್ಚ್ 21

ಅಂದರೆ ಬೇಕಾದ ಹೊತ್ತಿಗೆ ಕಾವಲುಗಾರ ನಿದ್ದೆ ಹೋಗುತ್ತಾನೆ. ಇದನ್ನು ಪೊಟ್ಟಣದ ಮೇಲೆ ಬರೆಯಲು ಎಷ್ಟು ಶಾಯಿ ಬೇಕಿತ್ತು? ಆಗ ನಾನು ಕಪ್ಪು ಮಲ್ಚಿಂಗ್ ಹಾಳೆ ಬೇರೆ ಹಾಸಿದ್ದೆ. ಹೊದಿಕೆ ಹೊದೆಸಿ ಮಲಗಿಸಿದ ಹಾಗಾಯಿತು.

ತಾರಸಿ ತೋಟ (ಬೆಳಗಾವಿ, ಟಿಳಕವಾಡಿ), ಮಾರ್ಚ್ 21

ಹೊಲದವರ ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ತಾರಸಿಯ ಕುಂಡಗಳಲ್ಲಿ ಹಣ್ಣಿನ ತಳಭಾಗ ಕಪ್ಪಾಗಿ ಚರ್ಮದಂತೆ ಒಳಕ್ಕೆ ಕುಸಿಯುತ್ತಿದೆ. ಇದಕ್ಕೆ ನಿರೋಧಕ ತಳಿ ಇದೆಯೇ?

ಸಸಿಮನೆ ಅಕ್ಕ, ಮಾರ್ಚ್ 21

ಅದು ರೋಗವೇ ಅಲ್ಲ ತಾಯಿ. ತುದಿ ಕೊಳೆ. ಹಣ್ಣಿಗೆ ಸುಣ್ಣದ ಅಂಶ ತಲುಪುತ್ತಿಲ್ಲ. ಹೆಚ್ಚಿನ ಸಲ ಮಣ್ಣಿನಲ್ಲಿ ಅದರ ಕೊರತೆ ಇರುವುದಿಲ್ಲ, ನೀರು ಒಂದು ದಿನ ತುಂಬಿ ಎರಡು ದಿನ ಮರೆತದ್ದರಿಂದ ಬರುತ್ತದೆ. ಕುಂಡ ಚಿಕ್ಕದಿದ್ದರೆ ದೊಡ್ಡದಕ್ಕೆ ಬದಲಿಸಿ, ದಿನಾ ಒಂದೇ ಅಳತೆಯಲ್ಲಿ ನೀರು ಹಾಕಿ. ಎಣ್ಣೆ ಹೊಡೆಯಬೇಡಿ.

ಮಳೆಯ ಖಾನಾಪುರ, ಮಾರ್ಚ್ 22

ನಿಮ್ಮ ಥ್ರಿಪ್ಸ್, ಬಿಳಿ ನೊಣ ನಮಗೆ ಅಷ್ಟಾಗಿ ಗೊತ್ತಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಗಿಡ ಹಸಿರು ಹಸಿರಾಗಿರುವಾಗಲೇ ಒಮ್ಮೆಲೇ ಜೋತು ಬೀಳುತ್ತದೆ. ನೀರು ಹೆಚ್ಚಾಯಿತು ಎಂದು ಒಬ್ಬರು, ಕಡಿಮೆಯಾಯಿತು ಎಂದು ಇನ್ನೊಬ್ಬರು. ಕೊನೆಗೆ ಒಬ್ಬ ಹಿರಿಯ ಅಧಿಕಾರಿ ಹೊಲದಲ್ಲಿಯೇ ತೋರಿಸಿಕೊಟ್ಟರು. ಬಾಡಿದ ಗಿಡದ ಬುಡದಿಂದ ಗೇಣುದ್ದ ಕಾಂಡ ಕೊಯ್ದು, ಪಾರದರ್ಶಕ ಲೋಟದ ನೀರಿನಲ್ಲಿ ಕೊಯ್ದ ತುದಿ ಮುಳುಗುವಂತೆ ಹಿಡಿದರು. ಅಲುಗಾಡಿಸಬಾರದು. ಮೂರು, ನಾಲ್ಕು ನಿಮಿಷ ಏನೂ ಇಲ್ಲ. ಆಮೇಲೆ ಕೊಯ್ದ ಬಾಯಿಯಿಂದ ಬಿಳಿ ದಾರದ ಹಾಗೆ, ಊದಿನಕಡ್ಡಿಯ ಹೊಗೆ ತಲೆಕೆಳಗಾಗಿ ಇಳಿದ ಹಾಗೆ, ಏನೋ ನೀರಿಗೆ ಇಳಿಯತೊಡಗಿತು. ಅದು ದುಂಡಾಣು ಸೊರಗು ರೋಗ. ಅದೆಲ್ಲ ಬ್ಯಾಕ್ಟೀರಿಯಾ ಎಂದರು. ಆ ಲೋಟದಲ್ಲಿ ಮತ್ತೆ ಚಹಾ ಕುಡಿಯಲು ಮನೆಯಲ್ಲಿ ಯಾರೂ ಒಪ್ಪಲಿಲ್ಲ.

ದಾರ ಇಳಿಯದೆ, ಕಾಂಡ ಸೀಳಿದಾಗ ಒಳಗೆ ಕಂದು ಗೆರೆ ಕಂಡು, ಕೆಳಗಿನ ಎಲೆಗಳಿಂದ ಹಳದಿ ಏರುತ್ತ ಬಂದಿದ್ದರೆ ಅದು ಶಿಲೀಂಧ್ರದ ಸೊರಗು. ಎರಡಕ್ಕೂ ಬೇಕಾದ ತಳಿ ಬೇರೆ ಬೇರೆ. ನಾನು ಮೂರು ವರ್ಷ ಒಂದಕ್ಕೆ ಇನ್ನೊಂದರ ಬೀಜ ಹಾಕಿದ್ದೆ.

ಈಗ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಹಾಕುತ್ತಿದ್ದೇನೆ. ಎಲೆ ಮುರುಟು, ದುಂಡಾಣು ಸೊರಗು, ಮುಂಚಿನ ಅಂಗಮಾರಿ ಮೂರಕ್ಕೂ ನಿರೋಧ ಇದೆ. ಆದರೆ ಜುಲೈಯ ಜಡಿಮಳೆಯಲ್ಲಿ ಬರುವ ತಡವಾದ ಅಂಗಮಾರಿಗೆ ಅದು ಹೇಳಿದ್ದಲ್ಲ. ಒಂದು ವಾರದಲ್ಲಿ ಬೇಯಿಸಿದ ಸೊಪ್ಪಾಗುತ್ತದೆ. ಅದನ್ನೂ ಸೇರಿಸಿ ‘ಅರ್ಕಾ ಅಭೇದ್’ ಎಂಬುದನ್ನು ಬಿಟ್ಟಿದ್ದಾರೆ. ಈ ಮಳೆಗಾಲ ಅದರ ಸರದಿ.

ಹಳೆ ತಲೆ, ಮಾರ್ಚ್ 22

ಬೀಜ ಪ್ರತಿ ವರ್ಷ ಕೊಳ್ಳಬೇಕಲ್ಲ. ನಮ್ಮ ಓಣಿಯ ಹುಡುಗ ಒಬ್ಬ ಇದೇ ರಕ್ಷಕ್ ಹಣ್ಣಿನ ಬೀಜವನ್ನು ಬೂದಿಯಲ್ಲಿ ಒಣಗಿಸಿ ಇಟ್ಟು ಮರುವರ್ಷ ಹಾಕಿದ. ಒಂದು ಗಿಡ ಆನೆ, ಒಂದು ಗಿಡ ಇಲಿ.

ಅರಭಾವಿ ಹಳೆಯ ವಿದ್ಯಾರ್ಥಿ, ಮಾರ್ಚ್ 22

ಕಾಕಾ, ಅದು ಸಂಕರಣ ತಳಿಯ ಸ್ವಭಾವ. ಎರಡನೆಯ ಪೀಳಿಗೆಯಲ್ಲಿ ಗುಣಗಳು ಚದುರಿಹೋಗುತ್ತವೆ. ಟಿವೈ-1ರಂಥ ಒಂದೇ ಜೀನಿನ ನಿರೋಧವಾದರೂ ಸುಮಾರು ನಾಲ್ಕನೆಯ ಒಂದು ಭಾಗ ಗಿಡಗಳಿಗೆ ಅದು ಇರುವುದೇ ಇಲ್ಲ. ಹಲವು ಜೀನು ಸೇರಿ ಬರುವ ನಿರೋಧವಾದರೆ ಇನ್ನೂ ಹೆಚ್ಚು ಚದುರುತ್ತದೆ.

ಬೀಜ ಇಟ್ಟುಕೊಳ್ಳಬೇಕೆಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ನಂದಿ, ಸಂಕ್ರಾಂತಿ, ವೈಭವ್ ಇವೆ. ಮುರುಟು ರೋಗವನ್ನು ತಡೆದುಕೊಳ್ಳುವ ಇವು ಸಂಕರಣವಲ್ಲ, ಸ್ಥಿರ ತಳಿಗಳು. ಇಳುವರಿಯಲ್ಲಿ ಕಂಪನಿಯ ಹೈಬ್ರಿಡ್ ಜೊತೆ ಪೈಪೋಟಿ ಮಾಡಲಾರವು, ದೂರದ ಮಾರುಕಟ್ಟೆಗೆ ಸಾಗಿಸಲು ಸಿಪ್ಪೆಯೂ ಅಷ್ಟು ಗಟ್ಟಿಯಲ್ಲ. ಊರ ಸಂತೆಗೆ ಸಾಕು.

ನಿಪ್ಪಾಣಿ ಗಾಳಿ, ಮಾರ್ಚ್ 23

ನಮ್ಮಲ್ಲಿ ಮೊದಲು ತಂಬಾಕು, ನಂತರ ಟೊಮೆಟೊ. ಎಲೆಯಲ್ಲಿ ತಿಳಿ ಹಸಿರು, ಕಡು ಹಸಿರು ತೇಪೆ ತೇಪೆ ಬರುವ ಮೊಸಾಯಿಕ್ ರೋಗ ನಮ್ಮ ಮನೆಯ ದೇವರಿದ್ದ ಹಾಗೆ. ಅದಕ್ಕೆ ಕೀಟವೇ ಬೇಡ, ಕೈ ಸಾಕು. ಬೀಡಿ ಸುತ್ತಿದ ಕೈ, ತಂಬಾಕು ತಿಕ್ಕಿದ ಕೈ ಎಳೆ ಗಿಡಕ್ಕೆ ತಾಗಿದರೆ ವೈರಸ್ ಹತ್ತಿತು ಎಂದೇ ಲೆಕ್ಕ. ಒಣಗಿದ ಎಲೆಯಲ್ಲಿಯೂ ವರ್ಷಗಟ್ಟಲೆ ಸಾಯದ ಜಾತಿ ಅದು. ಕವಲು ಚಿವುಟುವ ದಿನ ಸೋಪು ನೀರಿನ ಬಕೆಟ್ ಸಾಲಿನ ತುದಿಗೆ ಇಡುತ್ತೇನೆ; ಕೆನೆ ತೆಗೆದ ಹಾಲಿನಲ್ಲಿ ಕೈ ಅದ್ದಿದರೂ ಆಗುತ್ತದೆ, ಆದರೆ ಹಾಲನ್ನು ಕೈ ತೊಳೆಯಲು ಕೊಟ್ಟರೆ ನಮ್ಮ ಅವ್ವ ನನ್ನನ್ನೇ ತೊಳೆಯುತ್ತಾಳೆ. ಇದಕ್ಕೆ ಮಾತ್ರ ನಿರೋಧಕ ತಳಿ ಗಟ್ಟಿಯಾಗಿ ನಿಂತಿದೆ, ನಮ್ಮಲ್ಲಿ ಒಮ್ಮೆಯೂ ಕೈಕೊಟ್ಟಿಲ್ಲ.

ಡೋಣಿ ಸಾಲು, ಮಾರ್ಚ್ 23

ರೋಗದ ಕಥೆ ಆಯಿತು, ಹುಳುವಿಗೆ ನಿರೋಧಕ ತಳಿ ಯಾಕಿಲ್ಲ? ನಮ್ಮ ಸುತ್ತ ತೊಗರಿ, ಕಡಲೆ, ಹತ್ತಿ. ಮೂರಕ್ಕೂ ಬರುವ ಕಾಯಿ ಕೊರಕ ಟೊಮೆಟೊಗೂ ಬರುತ್ತದೆ. ಅದಕ್ಕೆ ನಾವು ಊರ ಹೊಟೇಲ್. ಮೇಲಾಗಿ ಈಗ ಟೂಟಾ ಎಂಬ ಸಣ್ಣ ಹುಳು ಸೇರಿಕೊಂಡಿದೆ. ಎಲೆಯಲ್ಲಿ ಮೊದಲು ಬರುತ್ತಿದ್ದ ರಂಗೋಲಿ ಹುಳುವಿನ ಗೆರೆ ತೆಳ್ಳಗಿರುತ್ತಿತ್ತು, ಇದು ಎಲೆಯ ಎರಡು ಪದರದ ನಡುವೆ ಉಂಡು ಹಪ್ಪಳದ ಹಾಗೆ ಬೊಬ್ಬೆ ಮಾಡುತ್ತದೆ. ಹಣ್ಣಿನ ತೊಟ್ಟಿನ ಬಳಿ ಸೂಜಿ ಚುಚ್ಚಿದಷ್ಟು ತೂತು. ಕ್ರೇಟಿನಲ್ಲಿ ಯಾರಿಗೂ ಕಾಣುವುದಿಲ್ಲ, ದಲಾಲಿಯ ಕಣ್ಣಿಗೆ ಮಾತ್ರ ಕಾಣುತ್ತದೆ.

ಅರಭಾವಿ ಹಳೆಯ ವಿದ್ಯಾರ್ಥಿ, ಮಾರ್ಚ್ 23

ಟೂಟಾ ಕೂಡ ದಕ್ಷಿಣ ಅಮೆರಿಕದ್ದೇ. ನಮ್ಮ ದೇಶದಲ್ಲಿ ಮೊದಲು ಕಂಡದ್ದು 2014ರಲ್ಲಿ, ಮಹಾರಾಷ್ಟ್ರದಲ್ಲಿ. ಔಷಧಕ್ಕೆ ಬಲುಬೇಗ ಒಗ್ಗಿಕೊಳ್ಳುವ ಹುಳು.

ಹುಳುವಿಗೆ ತಳಿ ಯಾಕಿಲ್ಲ ಎಂದು ಕೇಳಿದಿರಿ. ನಿಮ್ಮ ಕೈಯನ್ನೇ ನೋಡಿಕೊಳ್ಳಿ. ಒಂದು ದಿನ ಟೊಮೆಟೊ ಕವಲು ಚಿವುಟಿದರೆ ಬೆರಳಿಗೆ ಹಸಿರು ಜಿಡ್ಡು ಹತ್ತಿ ಸಂಜೆಗೆ ಕಪ್ಪಾಗುತ್ತದಲ್ಲ, ಸೋಪು ಹಚ್ಚಿದರೆ ನೊರೆ ಹಳದಿಯಾಗುತ್ತದಲ್ಲ, ಅದು ಎಲೆಯ ಮೇಲಿನ ಸಣ್ಣ ಕೂದಲುಗಳ ತುದಿಯ ಗ್ರಂಥಿಯಿಂದ ಬರುವಂಥದ್ದು. ಗಿಡದ ಆಯುಧ ಅದೇ. ಕಾಡು ಟೊಮೆಟೊ ಪೆನ್ನೆಲ್ಲಿಯಲ್ಲಿ ಆ ಅಂಟು ಎಷ್ಟಿರುತ್ತದೆ ಎಂದರೆ ಬಿಳಿ ನೊಣ ಕೂತರೆ ಕಾಲು ಎತ್ತಲಾರದು. ಹ್ಯಾಬ್ರೊಕೈಟೀಸ್‌ನ ಕೂದಲಿನಲ್ಲಿ ಹುಳುವಿಗೆ ವಿಷವಾಗುವ ರಸವೇ ಇದೆ. ನಾವು ದೊಡ್ಡ ಹಣ್ಣು, ಕೆಂಪು ಹಣ್ಣು ಎಂದು ಆರಿಸುತ್ತ ಬಂದು ಊರಿನ ಟೊಮೆಟೊದಲ್ಲಿ ಆ ಆಯುಧವನ್ನು ಮೊಂಡು ಮಾಡಿಕೊಂಡೆವು. ಅದನ್ನು ಮರಳಿ ತರುವುದು ಒಂದು ಜೀನಿನ ಕೆಲಸವಲ್ಲ, ಹಲವನ್ನು ಒಟ್ಟಿಗೆ ತರಬೇಕು. ತಂದರೆ ಹಣ್ಣಿನ ಗಾತ್ರ, ಇಳುವರಿ ಜೊತೆಗೇ ಇಳಿಯುತ್ತದೆ. ಹಾಗಾಗಿ ಅಂಗಡಿಗೆ ಇನ್ನೂ ಬಂದಿಲ್ಲ. ‘ಹುಳು ನಿರೋಧಕ ಟೊಮೆಟೊ’ ಎಂದು ಯಾರಾದರೂ ಮಾರಿದರೆ ದುಡ್ಡು ಜೇಬಿನಲ್ಲಿಯೇ ಇರಲಿ.

ಸಸಿಮನೆ ಅಕ್ಕ, ಮಾರ್ಚ್ 23

ಕಾಯಿ ಕೊರಕಕ್ಕೆ ಚೆಂಡು ಹೂವು ಹಾಕಿ ಅಣ್ಣಾ. ಹದಿನಾರು ಸಾಲು ಟೊಮೆಟೊಗೆ ಒಂದು ಸಾಲು ಚೆಂಡು ಹೂವು. ಎತ್ತರ ಬೆಳೆಯುವ ಆಫ್ರಿಕನ್ ಜಾತಿ ಬೇಕು. ಆದರೆ ಇದರಲ್ಲಿ ಎಲ್ಲರೂ ಎಡವುವ ಒಂದು ಕಡೆ ಇದೆ: ಟೊಮೆಟೊ ಸಸಿಗೆ 25 ದಿನ ಆಗಿರುವಾಗ ಚೆಂಡು ಹೂವಿನ ಸಸಿಗೆ 45 ದಿನ ಆಗಿರಬೇಕು. ಆಗಲೇ ಎರಡೂ ಒಟ್ಟಿಗೆ ಹೂವು ಬಿಟ್ಟು ಪತಂಗ ಚೆಂಡು ಹೂವಿನ ಮೇಲೆ ಮೊಟ್ಟೆ ಇಡುತ್ತದೆ. ಒಂದೇ ದಿನ ಬೀಜ ಹಾಕಿದರೆ ದೀಪಾವಳಿಗೆ ಮಾಲೆ ಆಗುತ್ತದೆ, ಟೊಮೆಟೊಗೆ ಏನೂ ಆಗುವುದಿಲ್ಲ.

ಟೂಟಾಕ್ಕೆ ಮೋಹಕ ಬಲೆ ನೇತು ಹಾಕಿ, ಬೊಬ್ಬೆ ಎದ್ದ ಎಲೆ ಕಂಡ ದಿನವೇ ಕಿತ್ತು ಸುಡಿ. ಬದುವಿನಲ್ಲಿ ಎಸೆದರೆ ಸಂಜೆ ವಾಪಸು ಬರುತ್ತದೆ.

ಘಟಪ್ರಭೆ ದಂಡೆಯವ, ಮಾರ್ಚ್ 26

ಪೂರ್ವಕ್ಕೆ ಬದು ದಾಟಿದರೆ ನಮ್ಮ ದೊಡ್ಡಪ್ಪನ ಮಗನ ಬೇಸಿಗೆ ಶೇಂಗಾ. ಹೋಗಿ ನೋಡಿದೆ. ಕುಡಿ ಒಣಗಿದ ಗಿಡಗಳು ಅಲ್ಲಿಯೂ ಇವೆ. ಅವನು ನೀರಿನ ಕೊರತೆ ಎಂದುಕೊಂಡು ಎರಡು ದಿನಕ್ಕೊಮ್ಮೆ ನೀರು ಬಿಡುತ್ತಿದ್ದಾನೆ. ಬದುವಿನ ಉದ್ದಕ್ಕೂ ಕಾಂಗ್ರೆಸ್ ಕಸ ಹೂವು ಬಿಟ್ಟು ನಿಂತಿದೆ; ಒಂದು ಹೂವಿನ ಗೊಂಚಲನ್ನು ಬಿಳಿ ಕಾಗದದ ಮೇಲೆ ಕೊಡವಿದೆ, ಎಳ್ಳಿನ ಸಿಪ್ಪೆಯಷ್ಟು ಸಣ್ಣ ಹುಳುಗಳು ಹರಿದಾಡಿದವು. ನನ್ನ ಹೊಲದಲ್ಲಿಯೂ ರೋಗ ಪೂರ್ವದ ಬದುವಿಗೆ ದಟ್ಟ, ಪಶ್ಚಿಮಕ್ಕೆ ಹೋದ ಹಾಗೆ ತೆಳು. ನಲವತ್ತು ದಿನ ಅದೇ ಬದುವಿನ ಮೇಲೆ ಕೂತು ಊಟ ಮಾಡಿದ್ದೇನೆ.

ಹೀಗಿದ್ದರೆ ಥ್ರಿಪ್ಸ್ ರೋಗಕ್ಕೂ ನಿರೋಧಕ ಬೀಜ ಸಿಗುತ್ತದೆಯೇ? ಅಂಗಡಿಯಲ್ಲಿ ಕೇಳಿದೆ. ‘ಟಿಎಸ್‌ಡಬ್ಲ್ಯುವಿ’ ಎಂದು ಬರೆದ ಪೊಟ್ಟಣ ತೋರಿಸಿದರು. ಈ ಸಲ ಮೀಸೆಯ ಮಾತು ಬರಲಿಲ್ಲ.

ಅರಭಾವಿ ಹಳೆಯ ವಿದ್ಯಾರ್ಥಿ, ಮಾರ್ಚ್ 26

ಕೊಳ್ಳಬೇಡಿ. ಅದೂ ಥ್ರಿಪ್ಸ್ ತರುವ ವೈರಸ್ಸೇ, ಆದರೆ ದಾಯಾದಿ. ಆ ನಿರೋಧದ ಜೀನು ‘ಎಸ್‌ಡಬ್ಲ್ಯು-5’. ಅದು ಗುರುತಿಸುವುದು ಅಮೆರಿಕದ ಗುಂಪಿನ ವೈರಸ್ಸುಗಳನ್ನು. ನಮ್ಮ ಶೇಂಗಾ ವೈರಸ್ ಏಷ್ಯಾದ ಗುಂಪಿನದು. ಮುಖ ಪರಿಚಯ ಇಲ್ಲದ ಕಾವಲುಗಾರ ಬಾಗಿಲು ತೆರೆದುಬಿಡುತ್ತಾನೆ. ಈ ರೋಗಕ್ಕೆ ಸದ್ಯ ಬೀಜದ ಮೇಲೆ ಭರವಸೆ ಇಟ್ಟು ಕೂರಬೇಡಿ.

ಇನ್ನೊಂದು ಸಂಗತಿ. ಥ್ರಿಪ್ಸ್ ಈ ವೈರಸ್ಸನ್ನು ಪಡೆಯುವುದು ಮರಿಯಾಗಿರುವಾಗ ಮಾತ್ರ. ರೋಗದ ಗಿಡದಲ್ಲಿಯೇ ಹುಟ್ಟಿ ಬೆಳೆದ ಹುಳು ದೊಡ್ಡದಾಗಿ ಹಾರಿದಾಗ ಹಂಚುತ್ತದೆ. ದೊಡ್ಡ ಹುಳು ಬಂದು ರೋಗದ ಗಿಡ ಹೀರಿದರೆ ವೈರಸ್ ಅದಕ್ಕೆ ಹತ್ತುವುದಿಲ್ಲ. ಅಂದರೆ ನಿಮ್ಮ ಹೊಲಕ್ಕೆ ರೋಗ ಹೆಚ್ಚಾಗಿ ಬಂದದ್ದು ಹೊರಗಿನಿಂದ, ರೆಕ್ಕೆಯ ಮೇಲೆ. ನೀವು ಎಣ್ಣೆ ಹೊಡೆದು ಅದು ಸಾಯುವ ಹೊತ್ತಿಗೆ ಚುಚ್ಚಿ ಆಗಿರುತ್ತದೆ. ಎಂಟು ಸಲ ಹೊಡೆದದ್ದು ಯಾಕೆ ನಾಟಲಿಲ್ಲ ಎಂಬುದಕ್ಕೆ ಉತ್ತರ ಇದೇ.

ಮುಂದಿನ ನಾಟಿಗೆ ಮೊದಲು ಬದುವಿನ ಕಸ ಹೂವು ಬಿಡುವ ಮೊದಲೇ ತೆಗೆಸಿ. ಸುತ್ತ ಗೋವಿನಜೋಳ ಅಥವಾ ಸಜ್ಜೆಯನ್ನು ಮೂರು ಸಾಲು, ಟೊಮೆಟೊ ನಾಟಿಗಿಂತ ಮೊದಲೇ ಬಿತ್ತಿ. ಸಸಿ ಬರುವಷ್ಟರಲ್ಲಿ ಅದು ಮೊಣಕಾಲು ದಾಟಿರಬೇಕು. ಹಾಳೆ ಹಾಸುವುದಾದರೆ ಬೆಳ್ಳಿ ಬಣ್ಣದ ಮುಖ ಮೇಲಿರಲಿ, ಅದರ ಹೊಳಪಿಗೆ ಥ್ರಿಪ್ಸ್ ಮತ್ತು ಬಿಳಿ ನೊಣ ಎರಡೂ ಇಳಿಯಲು ಹಿಂಜರಿಯುತ್ತವೆ. ಅಂಟು ಹಾಳೆಯಲ್ಲಿ ಹಳದಿಯದು ಬಿಳಿ ನೊಣಕ್ಕೆ, ನೀಲಿಯದು ಥ್ರಿಪ್ಸ್‌ಗೆ. ಬೀಜ ಮಾತ್ರ ಮುರುಟು ರೋಗಕ್ಕೆ ನಿರೋಧ ಇರುವುದನ್ನೇ ತನ್ನಿ. ಒಂದು ಬಾಗಿಲಾದರೂ ಮುಚ್ಚಿರುತ್ತದೆ.

ಗ್ರಾಹಕರ ಆಯೋಗದ ವಿಚಾರ: ಪೊಟ್ಟಣದ ಹಿಂದೆ ಟಿಒಎಲ್‌ಸಿವಿ ಎಂದು ಬರೆದಿರುವುದರಿಂದ ನಿಮ್ಮ ಕೈ ಮೇಲಾಗುವುದು ಕಷ್ಟ. ಮುಂದೆ ದಪ್ಪ ಅಕ್ಷರದಲ್ಲಿ ಬರೀ ‘ವೈರಸ್’ ಎಂದು ಬರೆದದ್ದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ. ಬಿಲ್ಲು, ಪೊಟ್ಟಣ ಎರಡನ್ನೂ ಇಟ್ಟುಕೊಂಡಿರಿ.

ಹಳೆ ತಲೆ, ಮಾರ್ಚ್ 27

ಇಷ್ಟು ಓದಿದ ಮೇಲೆ ನನ್ನ ಮಾತೂ ಒಂದಿಷ್ಟು ಉಳಿಯಿತು ಎಂದುಕೊಳ್ಳುತ್ತೇನೆ. ಬೇಸಿಗೆ ಟೊಮೆಟೊ ಜೂಜು ಎಂದಿದ್ದೆ. ವಿದ್ಯಾರ್ಥಿ ಅದನ್ನೇ 28 ಡಿಗ್ರಿ ಎಂದು ಹೇಳಿದ, ಥ್ರಿಪ್ಸ್ ಸುಗ್ಗಿ ಎಂದು ಹೇಳಿದ.

ಅರಭಾವಿ ಹಳೆಯ ವಿದ್ಯಾರ್ಥಿ, ಮಾರ್ಚ್ 27

ಒಪ್ಪಿದೆ ಕಾಕಾ. ಪೂಸಾ ರೂಬಿಯ ಸಾರಿನ ವಿಷಯವನ್ನೂ ಒಪ್ಪುತ್ತೇನೆ.

ಘಟಪ್ರಭೆ ದಂಡೆಯವ, ಏಪ್ರಿಲ್ 29

ಲೆಕ್ಕ ಒಪ್ಪಿಸುತ್ತಿದ್ದೇನೆ. ಪೂರ್ವದ ಕಡೆಯ ಹತ್ತು ಗುಂಟೆ ಪೂರ್ತಿ ಕಿತ್ತು ಸುಟ್ಟೆ. ಉಳಿದ ಎಕರೆಯಲ್ಲಿ ಈ ತನಕ 212 ಕ್ರೇಟ್ ಕೊಯ್ದಿದ್ದೇನೆ. ಖರ್ಚಿನ ಹತ್ತಿರ ಬಂದಿದೆ, ದಾಟಿಲ್ಲ. ಮಾರ್ಚ್ 26ರ ನಂತರ ಎಣ್ಣೆ ಹೊಡೆದದ್ದು ಒಂದೇ ಸಲ. ದೊಡ್ಡಪ್ಪನ ಮಗ ಶೇಂಗಾಕ್ಕೆ ಹೆಚ್ಚಿನ ನೀರು ಬಿಡುವುದನ್ನು ನಿಲ್ಲಿಸಿದ್ದಾನೆ, ಬದುವಿನ ಕಸ ಇಬ್ಬರೂ ಸೇರಿ ತೆಗೆಸಿದೆವು. ಕೂಲಿ ಅರ್ಧ ಅವನದು. ಇದಕ್ಕೆ ಒಪ್ಪಿಸಲು ಎರಡು ದಿನ ಹಿಡಿಯಿತು.

ಅಕ್ಕನವರೇ, ಜೂನ್ ಮೂರನೆಯ ವಾರಕ್ಕೆ ನಾಟಿ. ಒಂದು ಎಕರೆಗೆ ಸಸಿ ನಿಮ್ಮಲ್ಲಿಯೇ ಬೇಕು. ಅರ್ಧ ಅರ್ಕಾ ರಕ್ಷಕ್, ಅರ್ಧ ಕಂಪನಿಯದು, ಅದರಲ್ಲಿಯೂ ಹಿಂದಿನ ಸಣ್ಣ ಅಕ್ಷರ ಓದಿ ಆರಿಸಿದ್ದೇನೆ. ಚೆಂಡು ಹೂವಿನ ಸಸಿಯೂ ಬೇಕು.

ಸಸಿಮನೆ ಅಕ್ಕ, ಏಪ್ರಿಲ್ 29

ಆಗಲಿ. ಚೆಂಡು ಹೂವಿನ ಬೀಜ ಮೇ 5ಕ್ಕೆ, ಟೊಮೆಟೊ ಬೀಜ 25ಕ್ಕೆ ಹಾಕುತ್ತೇನೆ. ಟ್ರೇ 98 ಗುಳಿಯದು, ಮುಂಗಡ ಅರ್ಧ. ಬೀಜದ ಪೊಟ್ಟಣ ನೀವೇ ತನ್ನಿ, ಒಡೆಯದೆ ತನ್ನಿ. ಮಗಳನ್ನೂ ಕರೆತನ್ನಿ, ನಮ್ಮ ಪರದೆಯಲ್ಲಿ ತೂತು ಎಲ್ಲಿದೆ ಎಂದು ಅವಳು ಹುಡುಕಲಿ. ಜೊತೆಗೆ ಬರುವ ಆಳುಗಳಿಗೆ ಹೇಳಿಬಿಡಿ: ತಂಬಾಕಿನ ಚೀಲ ಮೊದಲ ಬಾಗಿಲಿನ ಹೊರಗೆ.